ಆತಕೂರಿನ ಕಲ್ಲು, ಗಂಗರ ಗಾದಿ

ಬೆಸಗರಹಳ್ಳಿ ಎಂದರೆ ಓದುಗರಿಗೆ ಕತೆಗಾರ ರಾಮಣ್ಣ ನೆನಪಾಗುತ್ತಾರೆ. ಅದೇ ಮದ್ದೂರು ತಾಲ್ಲೂಕಿನ ಆತಗೂರು ಚರಿತ್ರೆಕಾರರ ಬಾಯಲ್ಲಿ ಆತಕೂರು. ತಲಕಾಡಿನ ಗಂಗರ ಗಾದಿಗಾಗಿ ನಡೆದ ಕೊಲೆಯೊಂದು ಅಲ್ಲಿನ ಕಲ್ಲಿನಲ್ಲಿ ದಾಖಲಾಗಿದೆ.

ಕಾಲ ಶಕ 872, ಅಂದರೆ ಕ್ರಿ.ಶ. 949-50. ಗಂಗ ಮನೆತನದ ಬೂತುಗನು ಎರೆಯಪನ ಮಗ ರಾಚಮಲ್ಲನೊಡನೆ ಕಾದಿ, ಅವನನ್ನು ಕೊಂದು, ಗಂಗವಾಡಿ 96,000ವನ್ನು ಆಳುತ್ತಿದ್ದನೆಂದು ಶಾಸನ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಸತ್ತವನು ಬೂತುಗನ ಒಡಹುಟ್ಟಿದವನೇ ಎಂಬುದು ತಿಳಿಯುವುದು ಬೇರೆ ದಾಖಲೆಗಳ ವಂಶಾವಳಿಯಿಂದ.

ಬಿ.ಎಲ್. ರೈಸ್ ಇದನ್ನು 1894ರ ಎಪಿಗ್ರಾಫಿಯಾ ಕರ್ನಾಟಿಕಾ ಮೂರನೆಯ ಸಂಪುಟದಲ್ಲಿ ಸೇರಿಸಿದರು. ಜೆ.ಎಫ್. ಫ್ಲೀಟ್ ಬೇರೆಯಾಗಿ ಸಂಪಾದಿಸಿದರು. ಆ ತಲೆಮಾರಿನ ಜಗಳವೆಲ್ಲ ಗಂಗರ ತಾಮ್ರಪಟಗಳಲ್ಲಿ ಅಸಲಿ ಯಾವುದು, ಖೋಟಾ ಯಾವುದು ಎಂಬುದರ ಸುತ್ತ. ರೈಸ್ ನಂಬಿದ ಹಲವನ್ನು ಫ್ಲೀಟ್ ತಳ್ಳಿಹಾಕಿದರು. ಬೂತುಗನ ಹೆಸರಿನ ಸೂಡಿ ತಾಮ್ರಪಟವೂ ಫ್ಲೀಟರ ಲೆಕ್ಕದಲ್ಲಿ ಖೋಟಾ. ಪಟಗಳ ಮೇಲೆ ಅನುಮಾನ ಬಿದ್ದಷ್ಟೂ ಕಲ್ಲಿನ ಬೆಲೆ ಏರಿತು.

ಕೊಲೆಯ ಹಿಂದೆ ಯಾರಿದ್ದರು ಎಂಬ ಪ್ರಶ್ನೆಗೆ ಉತ್ತರ ದೂರದ ದೇವಳಿಯಲ್ಲಿ ಸಿಕ್ಕಿತು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ 940ರ ತಾಮ್ರಪಟ ರಾಚಮಲ್ಲನನ್ನು ಕಿತ್ತೆಸೆದ ವಿಷವೃಕ್ಷಕ್ಕೂ ಬೂತುಗನನ್ನು ನೆಟ್ಟ ಒಳ್ಳೆಯ ಗಿಡಕ್ಕೂ ಹೋಲಿಸುತ್ತದೆ. ಬೂತುಗ ಕೃಷ್ಣನ ಅಕ್ಕ ರೇವಕನಿಮ್ಮಡಿಯ ಗಂಡ. ಭಾವನನ್ನು ಗಾದಿಗೇರಿಸಿದ ಹೆಗ್ಗಳಿಕೆಯನ್ನು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಬಿಟ್ಟುಕೊಡಲಿಲ್ಲ. ಕಲ್ಲು ಮಾತ್ರ ರಾಚಮಲ್ಲನನ್ನು ಕೊಂದದ್ದನ್ನು ಬೂತುಗನ ಹೆಸರಿಗೇ ಬರೆದಿದೆ.

ಬೆಳ್ವೊಲ, ಪುರಿಗೆರೆ ಮುನ್ನೂರುಗಳು, ಕಿಸುಕಾಡು, ಬಾಗೆನಾಡು ಎಪ್ಪತ್ತುಗಳು ಬೂತುಗನಿಗೆ ಬಂದ ಬಗೆಯೂ ತಕರಾರಿನದೇ. ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದದ್ದಕ್ಕೆ ಬನವಾಸಿ 12,000ದ ಜೊತೆಗೆ ಇವೂ ಇನಾಮು ಎನ್ನುತ್ತದೆ ಆತಕೂರು. ಹೆಬ್ಬಾಳದ ಶಾಸನದ ಪ್ರಕಾರ ಇವು ಮದುವೆಯಲ್ಲಿ ಬಂದ ಬಳುವಳಿ. ಮಾವನ ಮನೆಯವರು ಹಿಂದೆ ಕೊಟ್ಟದ್ದನ್ನೇ ಗೆದ್ದ ಸಂಭ್ರಮದಲ್ಲಿ ಮತ್ತೊಮ್ಮೆ ಖಾಯಂ ಮಾಡಿರಬೇಕೆಂದು ನನ್ನ ಊಹೆ.

ಎಂ.ವಿ. ಕೃಷ್ಣರಾವ್ 1936ರಲ್ಲಿ, ಬಿ. ಷೇಕ್ ಅಲಿ 1976ರಲ್ಲಿ ಗಂಗರ ಚರಿತ್ರೆ ಬರೆದರು. 1984ರಲ್ಲಿ ಕೆ.ವಿ. ರಮೇಶ್ ಆ ವಂಶದ ಶಾಸನಗಳನ್ನು ಒಟ್ಟುಗೂಡಿಸಿದ ಮೇಲೆ ಅಧ್ಯಯನ ಸಲೀಸಾಯಿತು. ಅಷ್ಟರಲ್ಲಿ ಷ. ಶೆಟ್ಟರ್ ಮೊದಲಾದವರು ವೀರಗಲ್ಲುಗಳನ್ನು ರಾಜರ ಪಟ್ಟಿಗಾಗಿಯಲ್ಲ, ಸತ್ತವರಿಗಾಗಿ ಓದತೊಡಗಿದ್ದರು.

ಆತಕೂರಿಗೆ ಈ ಓದು ಸಲ್ಲಲೇಬೇಕು. ಏಕೆಂದರೆ ಕಲ್ಲು ನಿಂತಿದ್ದು ಬೂತುಗನಿಗಲ್ಲ, ಒಂದು ನಾಯಿಗೆ! ಬೂತುಗನ ಆಳು, ತಕ್ಕೋಲದಲ್ಲಿ ಮೆರೆದ ಮಣಲೇರ, ಕೃಷ್ಣನಲ್ಲಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಒಟ್ಟಿಗೆ ಸತ್ತವು. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುತ್ತದೆಂಬ ಕಟ್ಟಳೆಯೂ ಇದೆ. ಗಾದಿಯ ಕೊಲೆಗೆ ಕಲ್ಲು ಇಂಥ ಯಾವ ಪಾಪವನ್ನೂ ಹಚ್ಚಿಲ್ಲ.

ಮುಂದೆ ಬೂತುಗನ ಮಗ ಮಾರಸಿಂಹ ಅದೇ ಆಟವನ್ನು ತಿರುಗಿಸಿ ಆಡಿದ. ತನ್ನ ಸೋದರಳಿಯ, ಕೃಷ್ಣನ ಮೊಮ್ಮಗ ನಾಲ್ವಡಿ ಇಂದ್ರನನ್ನು ರಾಷ್ಟ್ರಕೂಟ ಸಿಂಹಾಸನಕ್ಕೇರಿಸಲು ಹೊರಟು ಚಾಲುಕ್ಯ ತೈಲಪನೆದುರು ಸೋತ. ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ಕೈಗೊಂಡು ತೀರಿಕೊಂಡ.

ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮದ್ದೂರು ಸೀಮೆಯವರು ಆ ಕಡೆ ಹೋದಾಗ ತಪ್ಪದೆ ನೋಡಬೇಕು.