ಅಲಿಪುರ ರಸ್ತೆಯ ಅಂಗಳದಲ್ಲಿ ನೆನೆದ ಕಾಗದಗಳು

ಬಾಬಾಸಾಹೇಬರು ಪುಸ್ತಕಗಳಿಗೋಸ್ಕರ ಮನೆ ಕಟ್ಟಿಸಿದ್ರು ಅಂತ ಏಪ್ರಿಲ್ 14ರ ಭಾಷಣಗಳಲ್ಲಿ ನಾವೆಲ್ಲ ಹೇಳ್ತೀವಿ. ಆ ಪುಸ್ತಕ, ಆ ಕೈಬರಹ, ಆ ಕಾಗದಪತ್ರ ಆಮೇಲೆ ಎಲ್ಲೆಲ್ಲಿಗೆ ಹೋದವು, ಯಾರ ಕೈಗೆ ಸಿಕ್ಕವು ಅಂತ ಕೇಳೋರು ಕಡಿಮೆ. ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲ ಸಾಗಾಟ ಸಮುದ್ರದ್ದು. 1917ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಅವಧಿ ಮುಗಿದು, ಲಂಡನ್ ಓದನ್ನು ಅರ್ಧಕ್ಕೆ ಬಿಟ್ಟು ಅವರು ಊರಿಗೆ ಹೊರಟರು. ಮೊದಲ ಮಹಾಯುದ್ಧ ನಡೀತಿದ್ದ ಕಾಲ. ಪುಸ್ತಕ, ಸಾಮಾನುಗಳನ್ನು ಥಾಮಸ್ ಕುಕ್ ಕಂಪನಿಯ ಮೂಲಕ ವಿಮೆ ಮಾಡಿಸಿ ಬೇರೆ ಹಡಗಿಗೆ ಹಾಕಿಸಿ, ತಾವು 'ಕೈಸರ್-ಇ-ಹಿಂದ್' ಹಡಗಿನಲ್ಲಿ ಬಂದರು. ಸಾಮಾನು ಹೊತ್ತ 'ಸಾಲ್ಸೆಟ್' ಹಡಗು ಜುಲೈ 20ರಂದು ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಜರ್ಮನ್ ಜಲಾಂತರ್ಗಾಮಿಯ ಏಟಿಗೆ ಮುಳುಗಿತು. ಹೊಟ್ಟೆಗೆ ತಿನ್ನೋದನ್ನು ಕಡಿಮೆ ಮಾಡಿ ಕೊಂಡ ಪುಸ್ತಕಗಳು ಅವು. ಪರಿಹಾರ ಅಂತ ಬಂದದ್ದು 600 ರೂಪಾಯಿ. ಅದರಲ್ಲಿ ಒಂದಿಷ್ಟನ್ನು ರಮಾಬಾಯಿಯವರ ಕೈಗಿಟ್ಟು, ಉಳಿದದ್ದರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಹೋದರು. ಅಲ್ಲಿ ಆಗಿದ್ದು ನಿಮಗೆಲ್ಲ ಗೊತ್ತು. ಇರೋಕೆ ಮನೆ ಸಿಗಲಿಲ್ಲ, ಪಾರ್ಸಿ ವಸತಿಗೃಹಕ್ಕೆ ಜನ ದೊಣ್ಣೆ ಹಿಡಿದು ಬಂದರು. ಮುಳುಗಿದ ಪುಸ್ತಕದ ದುಡ್ಡಲ್ಲಿ ಹೋಗಿ ಸೇರಿದ ಊರು, ಅವರಿಗೆ ಒಂದು ಕೋಣೆ ಕೊಡಲಿಲ್ಲ.

ಹಾಗಾಗಿ 1930ರ ದಶಕದಲ್ಲಿ ದಾದರಿನ ಹಿಂದೂ ಕಾಲೊನಿಯಲ್ಲಿ 'ರಾಜಗೃಹ' ಎದ್ದು ನಿಂತಾಗ ಪುಸ್ತಕಗಳಿಗೆ ಮೇಲಿನ ಮಹಡಿ ಅಂತ ಮೊದಲೇ ತೀರ್ಮಾನ ಆಗಿತ್ತು. 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ಶುರು ಆಯ್ತು. ರಾಜಗೃಹದ ಸಂಗ್ರಹದಲ್ಲಿ ದೊಡ್ಡ ಭಾಗ ಕಾಲೇಜಿನ ಲೈಬ್ರರಿಗೆ ಹೋಯ್ತು. ಇದೊಂದು ಸಾಗಾಟ ಮಾತ್ರ ಯಾರೂ ಹೊರಗೆ ಎಸೆಯದೆ, ಯಾವ ಕೋರ್ಟೂ ಬೀಗ ಹಾಕದೆ ಆದದ್ದು. ಒಡೆಯರೇ ಕೊಟ್ಟರು, ಓದೋ ಮಕ್ಕಳಿಗೆ ಸಿಕ್ಕಿತು, ಅಷ್ಟೆ.

ಇನ್ನು ದೆಹಲಿ. 1951ರಲ್ಲಿ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟ ಮೇಲೆ ಸರ್ಕಾರಿ ಬಂಗಲೆ ಬಿಟ್ಟು 26, ಅಲಿಪುರ ರಸ್ತೆಯ ಮನೆಗೆ ಬಂದರು. ಸಿರೋಹಿ ಮಹಾರಾಜರಿಗೆ ಸೇರಿದ ಮನೆ. ಸಂಜೆ ಆಫೀಸು ಮುಗಿಸ್ಕೊಂಡು ನಾನಕ್ ಚಂದ್ ರತ್ತು ಅಲ್ಲಿಗೆ ಬರ್ತಿದ್ರು. ಪಂಜಾಬಿನವರು, ಸರ್ಕಾರಿ ನೌಕರರು. ಬಾಬಾಸಾಹೇಬರ ಕೈಬರಹ ನೋಡಿ ರಾತ್ರಿ ಎಷ್ಟೊತ್ತಾದರೂ ಟೈಪ್ ಮಾಡ್ತಿದ್ರು. (ನಮ್ಮ ಆಫೀಸಲ್ಲಿ ಐದೂವರೆ ಆದ್ರೆ ನಾನು ಬಸ್ಸಿನ ಕಡೆ ಮುಖ ಮಾಡಿರ್ತೀನಿ. ರತ್ತು ಹೆಸರು ಬಂದಾಗೆಲ್ಲ ಅದು ನೆನಪಾಗುತ್ತೆ.) 1956ರ ಡಿಸೆಂಬರ್ 5ರ ರಾತ್ರಿ 'ಬುದ್ಧ ಮತ್ತು ಆತನ ಧಮ್ಮ'ದ ಮುನ್ನುಡಿಯ ಹಾಳೆಗಳನ್ನು ಹಾಸಿಗೆ ಪಕ್ಕದ ಮೇಜಿನ ಮೇಲೆ ಇಡಿಸಿಕೊಂಡರು. ಬೆಳಗ್ಗೆ ಅವರಿರಲಿಲ್ಲ.

ಆಮೇಲೆ ಆಸ್ತಿ ವ್ಯಾಜ್ಯ ಕೋರ್ಟಿಗೆ ಹೋಯ್ತು. ಸವಿತಾ ಅಂಬೇಡ್ಕರ್ ಅದೇ ಮನೆಯಲ್ಲಿದ್ದರು, ಮನೆ ಬೇರೆಯವರ ಕೈಗೆ ಹೋಯ್ತು. 1967ರ ಜನವರಿಯಲ್ಲಿ ಅವರು ಅಲ್ವರಿಗೆ ಹೋಗಿದ್ದಾಗ ಆಳುಗಳು ಬಂದು ಕೋಣೆ ಖಾಲಿ ಮಾಡಿಸಿದರು. ಬಾಬಾಸಾಹೇಬರ ಕಾಗದಪತ್ರಗಳನ್ನು ಉಗ್ರಾಣದಿಂದ ತೆಗೆದು ಅಂಗಳಕ್ಕೆ ಸುರಿದರು. ಆ ರಾತ್ರಿ ಜೋರು ಮಳೆ. ರತ್ತು ಇದನ್ನು ಬರೆದಿಟ್ಟಿದ್ದಾರೆ. ಎಷ್ಟು ಹಾಳೆ, ಯಾವ ಪುಸ್ತಕದ ಯಾವ ಅಧ್ಯಾಯ, ಯಾರ್ಯಾರ ಪತ್ರ? ಪಟ್ಟಿ ಇಲ್ಲ. ಪಟ್ಟಿ ಇಲ್ಲದ ಮೇಲೆ ನಷ್ಟಕ್ಕೂ ಲೆಕ್ಕ ಇಲ್ಲ.

ನಾನು ಗುಮಾಸ್ತ, ಅದಕ್ಕೇ ಈ ಪಟ್ಟಿಯ ಮಾತಲ್ಲಿ ನಿಂತ್ಕೊಳ್ತೀನಿ. ಕಚೇರಿ ಶಿಫ್ಟಿಂಗ್ ಹೇಗಿರುತ್ತೆ ಅಂತ ಕಣ್ಣಾರೆ ನೋಡಿದೀನಿ. ಮೊದಲು ಸಾಹೇಬರ ಕುರ್ಚಿ ಹೋಗುತ್ತೆ, ಆಮೇಲೆ ಕಂಪ್ಯೂಟರ್, ಫ್ಯಾನು, ಬೀರು. ರೆಕಾರ್ಡ್ ರೂಮಿನ ಗಂಟುಗಳು ಕೊನೆಗೆ, ಟ್ರ್ಯಾಕ್ಟರಿನಲ್ಲಿ, ಸೌದೆ ಥರ. ಕೆಲವು ವರ್ಷಗಳ ಹಿಂದೆ ಒಂದು ಕಚೇರಿ (ಹೆಸರು ಬೇಡ) ಹಳೇ ಕಟ್ಟಡದಿಂದ ಹೊಸದಕ್ಕೆ ಹೋಯ್ತು. ಆಮೇಲೆ ನಮ್ಮ ಕೇರಿಯ ಅಜ್ಜಿಯೊಬ್ಬರು ಪಿಟಿಸಿಎಲ್ ಕೇಸಿಗೆ ಮೂಲ ಮಂಜೂರಾತಿ ಕಡತ ಕೇಳಿದಾಗ 'ಕಡತ ಲಭ್ಯವಿರುವುದಿಲ್ಲ' ಅಂತ ಹಿಂಬರಹ ಕೊಟ್ಟರು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ನಿಯಮ ಮೀರಿ ಕೊಂಡಿದ್ರೆ ವಾಪಸ್ ಕೊಡಿಸೋಕೆ 1978ರ ಕಾಯ್ದೆ ಇದೆ. ಆದರೆ ಜಮೀನು ಮಂಜೂರಾಗಿತ್ತು, ಇಂಥ ಷರತ್ತು ಇತ್ತು ಅಂತ ತೋರಿಸೋದು ಆ ಕಡತ, ಆ ಸಾಗುವಳಿ ಚೀಟಿ. ಕೊಂಡವರ ಹತ್ರ ಕ್ರಯಪತ್ರ ಬೀರುವಿನಲ್ಲಿ ಭದ್ರ. ನಮ್ಮದು ಟ್ರ್ಯಾಕ್ಟರಿಂದ ಎಲ್ಲಿ ಬಿತ್ತೋ. ಅಲಿಪುರ ರಸ್ತೆಯ ಮಳೆ ಬರೀ ದೆಹಲಿಯ ಕಥೆ ಅಂತ ನನಗೆ ಅನ್ಸೋದಿಲ್ಲ.

ಮತ್ತೆ ಆ ಕಾಗದಗಳಿಗೆ ಬರೋಣ. ಉಳಿದವು ದೆಹಲಿ ಹೈಕೋರ್ಟಿನ ಸುಪರ್ದಿಗೆ ಹೋದವು, ಅಲ್ಲಿಂದ ಮಹಾರಾಷ್ಟ್ರದ ಅಡ್ಮಿನಿಸ್ಟ್ರೇಟರ್ ಜನರಲ್ ವಶಕ್ಕೆ. ಪೆಟ್ಟಿಗೆಯೊಳಗೆ ಬಾಬಾಸಾಹೇಬರು, ಹೊರಗೆ ಬೀಗ. ವರ್ಷಗಟ್ಟಲೆ ಹಾಗೇ. ಅದನ್ನು ಪ್ರಕಟಿಸಬೇಕು ಅಂತ ನಾಗಪುರದ ವಕೀಲ ಜೆ.ಬಿ. ಬನ್ಸೋಡ್ ಹೈಕೋರ್ಟ್ ಮೆಟ್ಟಿಲು ಹತ್ತಿದರು, ಚಳವಳಿಯವರು ಪಟ್ಟು ಹಿಡಿದರು. 1976ರಲ್ಲಿ ಮಹಾರಾಷ್ಟ್ರ ಸರ್ಕಾರ ಸಮಿತಿ ಮಾಡಿತು, ವಸಂತ ಮೂನ್ ಸಂಪಾದನೆಗೆ ಕೂತರು. ಅವರೂ ಸರ್ಕಾರಿ ನೌಕರಿಯಿಂದಲೇ ಬಂದವರು. 1979ರಲ್ಲಿ ಮೊದಲ ಸಂಪುಟ ಬಂತು. ಪೆಟ್ಟಿಗೆಯೊಳಗಿನ ಅಪ್ರಕಟಿತ ಬರಹಗಳು 1987ರ ಹೊತ್ತಿಗೆ ಬೆಳಕು ಕಂಡವು: ಮೂರನೇ ಸಂಪುಟದಲ್ಲಿ 'ಪ್ರಾಚೀನ ಭಾರತದಲ್ಲಿ ಕ್ರಾಂತಿ ಮತ್ತು ಪ್ರತಿಕ್ರಾಂತಿ', ನಾಲ್ಕರಲ್ಲಿ 'ಹಿಂದೂ ಧರ್ಮದ ಒಗಟುಗಳು'. ನಾಲ್ಕನೆಯದಕ್ಕೆ ಎಷ್ಟು ಗಲಾಟೆ ಆಯ್ತು ಅಂದ್ರೆ ರಾಮ, ಕೃಷ್ಣರ ಬಗೆಗಿನ ಭಾಗ ತೆಗೀಬೇಕು ಅಂತ ಒಂದು ಕಡೆ, ತೆಗೆದ್ರೆ ಬಿಡಲ್ಲ ಅಂತ ನಮ್ಮವರು ಮುಂಬೈ ಬೀದಿಯಲ್ಲಿ ಇನ್ನೊಂದು ಕಡೆ. ಸಂಪುಟ ಉಳೀತು, ಆ ಭಾಗವೂ ಉಳೀತು.

ಆ ಸಂಪುಟಗಳನ್ನು ಓದಿದವರು ಗಮನಿಸಿರ್ತೀರಿ, ಅಧ್ಯಾಯದ ತಲೆಯಲ್ಲೇ ಸಂಪಾದಕರ ಟಿಪ್ಪಣಿ ಇರುತ್ತೆ. ಇಷ್ಟು ಪುಟ ಸಿಕ್ಕಿದೆ, ಮುಂದಿನದು ಸಿಕ್ಕಿಲ್ಲ, ಬರಹ ಅಪೂರ್ಣ. ಅವರು ಬರೆಯದೇ ಬಿಟ್ಟದ್ದು ಯಾವುದು, ನೀರು ಪಾಲಾದದ್ದು ಯಾವುದು ಅಂತ ಬೇರ್ಪಡಿಸೋಕೆ ಇವತ್ತು ಯಾರಿಗೂ ಆಗಲ್ಲ. ಕನ್ನಡದಲ್ಲಿ ಸರ್ಕಾರ ಕಡಿಮೆ ಬೆಲೆಗೆ ಕೊಟ್ಟ ಸಂಪುಟಗಳಿಂದಲೇ ನನ್ನಂಥ ಬಿ.ಎ. ಓದಿದವನು ಅಂಬೇಡ್ಕರರನ್ನು ನೇರವಾಗಿ ಓದಿದ್ದು. ಅವುಗಳಲ್ಲೂ ಆ ಖಾಲಿ ಜಾಗಗಳು ಹಾಗೇ ಬಂದಿವೆ.

ಇಲ್ಲಿಗೆ ಮುಗೀತು ಅನ್ಕೋಬೇಡಿ. 2016ರ ಜೂನ್ 25ರ ನಸುಕಿನಲ್ಲಿ ದಾದರಿನ ಅಂಬೇಡ್ಕರ್ ಭವನವನ್ನು ಕೆಡವಿದರು, ಬಾಬಾಸಾಹೇಬರು ಕಟ್ಟಿದ ಬುದ್ಧಭೂಷಣ ಪ್ರೆಸ್ ಇದ್ದ ಜಾಗ ಅದು. ಸಂಪುಟಗಳ ಮುದ್ರಣ ನಿಂತುಹೋಗಿದೆ ಅಂತ 2021ರಲ್ಲಿ ಬಾಂಬೆ ಹೈಕೋರ್ಟೇ ಸ್ವಯಂಪ್ರೇರಿತವಾಗಿ ಕೇಸು ಎತ್ತಿಕೊಳ್ಳಬೇಕಾಯ್ತು. ಅಲಿಪುರ ರಸ್ತೆಯ ಜಾಗದಲ್ಲಿ 2018ರಿಂದ ರಾಷ್ಟ್ರೀಯ ಸ್ಮಾರಕ ಇದೆ. ಕಟ್ಟಡದ ಆಕಾರ ಪುಸ್ತಕದ್ದು. ಹಾಳೆಗಳನ್ನು ಮಳೆಗೆ ಸುರಿದ ಜಾಗದಲ್ಲಿ ಕಾಂಕ್ರೀಟಿನ ಪುಸ್ತಕ. ಚೆನ್ನಾಗೇ ಇದೆ, ಬೇಡ ಅನ್ನಲ್ಲ.

ನಮ್ಮಲ್ಲಿ 1970ರ ದಶಕದ ದಲಿತ ಚಳವಳಿಯ ಕಾಗದ ಎಲ್ಲಿದೆ? ಬೂಸಾ ಚಳವಳಿ ಕಾಲದ ಕರಪತ್ರ, 'ಪಂಚಮ'ದ ಹಳೇ ಸಂಚಿಕೆ, ಸಂಘರ್ಷ ಸಮಿತಿಯ ಸಭೆ ನಡಾವಳಿ, ಜಾಥಾದ ಫೋಟೋ. ಬಹುಪಾಲು ಹಿರಿಯರ ಮನೆಗಳ ಅಟ್ಟದ ಮೇಲಿದೆ. ಹಿರಿಯರು ಹೋದ ಮೇಲೆ ಮಕ್ಕಳು ಬಾಡಿಗೆ ಮನೆ ಬದಲಾಯಿಸ್ತಾರೆ, ಹಳೇ ಪೇಪರಿನವನು ಕೆಜಿ ಲೆಕ್ಕದಲ್ಲಿ ತೂಗ್ತಾನೆ. ಮಕ್ಕಳನ್ನೇನು ಬೈಯೋದು, ಎರಡು ಕೋಣೆಯ ಮನೆಯಲ್ಲಿ ಟ್ರಂಕು ಎಲ್ಲಿಡ್ತಾರೆ?

ನಮ್ಮ ತಾಲ್ಲೂಕಿನ ಹಳೇ ಸಂಘಟಕರೊಬ್ಬರ ಮನೆ ಈ ತಿಂಗಳು ಖಾಲಿ ಆಗ್ತಿದೆ. ಎರಡು ಟ್ರಂಕು, ಮೂರು ಗೋಣಿಚೀಲ ಕಾಗದ ಇದೆ. ಇಡೋಕೆ ಒಬ್ಬ ಮೇಷ್ಟ್ರು ತಮ್ಮ ಮನೆ ಮೇಲಿನ ಕೋಣೆ ಕೊಟ್ಟಿದ್ದಾರೆ. ಭಾನುವಾರ ಬೆಳಗ್ಗೆ ನಾಲ್ಕು ಜನ ಸೇರ್ತಿದೀವಿ. ಸಾಗಿಸೋಕೆ ಮುಂಚೆ ಅಲ್ಲೇ ಕೂತು ಒಂದೊಂದನ್ನೂ ಪುಸ್ತಕದಲ್ಲಿ ಬರೆದು, ನಂಬರ್ ಹಾಕಿ, ಮೊಬೈಲಲ್ಲಿ ಫೋಟೋ ತೆಗೀಬೇಕು. ಬರೋರು ಇನ್‌ಬಾಕ್ಸಲ್ಲಿ ತಿಳಿಸಿ, ವಿಳಾಸ ಕಳಿಸ್ತೀನಿ. ಕೈಬರಹ ದುಂಡಗಿರೋರು ಇಬ್ಬರು ಬೇಕು. ಬರುವಾಗ ನುಸಿಗುಳಿಗೆ, ಹಳೇ ಕಾಟನ್ ಬಟ್ಟೆ ತನ್ನಿ. ಮೋಡ ಇದೆ, ಟಾರ್ಪಾಲ್ ನಾನು ತರ್ತೀನಿ.

ಜೈ ಭೀಮ್.