ನಾಸು ಯುಝೆನ್ ದೇಗುಲ

ನಾಸು ಯುಝೆನ್ ದೇಗುಲವು ಜಪಾನಿನ ತೊಚಿಗಿ ಪ್ರಾಂತ್ಯದ ನಾಸು ಪಟ್ಟಣದಲ್ಲಿರುವ ಪ್ರಾಚೀನ ಶಿಂಟೋ ದೇಗುಲ. ಇದು ಜ್ವಾಲಾಮುಖಿ ಪರ್ವತದ ತಪ್ಪಲಿನ ಬಿಸಿನೀರಿನ ಬುಗ್ಗೆಗಳ ಬಳಿಯಿದೆ. ವೈದ್ಯಕ್ಕೂ ಬುಗ್ಗೆಗಳಿಗೂ ಅಧಿದೇವತೆಗಳೆನಿಸಿದ ಓನಾಮುಚಿ ಮತ್ತು ಸುಕುನಾಬಿಕೋನಾ ಇಲ್ಲಿ ಪೂಜೆಗೊಳ್ಳುತ್ತಾರೆ.

ಇತಿಹಾಸ

ಸ್ಥಳಪುರಾಣದ ಪ್ರಕಾರ, 7ನೆಯ ಶತಮಾನದಲ್ಲಿ ಬೇಟೆಗಾರನೊಬ್ಬನು ತಾನು ಗಾಯಗೊಳಿಸಿದ ಬಿಳಿ ಜಿಂಕೆಯು ಬುಗ್ಗೆಯಲ್ಲಿ ಗಾಯವನ್ನು ತೊಯ್ಯಿಸಿಕೊಳ್ಳುವುದನ್ನು ಕಂಡು ದೇಗುಲವನ್ನು ಸ್ಥಾಪಿಸಿದನು. ಸಮೀಪದ ಸ್ನಾನಗೃಹಕ್ಕೆ ಇಂದಿಗೂ ‘ಶಿಕಾ ನೊ ಯು’ (ಜಿಂಕೆಯ ಬಿಸಿನೀರು) ಎಂಬ ಹೆಸರಿದೆ. ಚಿಕಿತ್ಸೆಗಾಗಿ ನಾಸುವಿನ ಬುಗ್ಗೆಗೆ ಹೊರಟ ಅಧಿಕಾರಿಯೊಬ್ಬನ ಉಲ್ಲೇಖವು 738ರ ತೆರಿಗೆ ಲೆಕ್ಕಪತ್ರದಲ್ಲಿದೆ. 927ರಲ್ಲಿ ಪೂರ್ಣಗೊಂಡ ‘ಎಂಗಿಶಿಕಿ’ಯ ದೇಗುಲಗಳ ಪಟ್ಟಿಯಲ್ಲಿಯೂ ಇದು ಸೇರಿದೆ. 1185ರ ಯಾಶಿಮಾ ಕದನದಲ್ಲಿ ದೋಣಿಯ ಮೇಲಿನ ಬೀಸಣಿಗೆಗೆ ಗುರಿಯಿಟ್ಟ ಬಿಲ್ಲುಗಾರ ನಾಸು ನೊ ಯೊಯಿಚಿ ಈ ದೇವರನ್ನು ಸ್ಮರಿಸಿದನೆಂದು ‘ಹೈಕೆ ಮೊನೊಗತಾರಿ’ ಹೇಳುತ್ತದೆ.

ಸೆಶ್ಶೋಸೆಕಿ

ದೇಗುಲದ ಪಕ್ಕದ ಬೋಳು ಕಣಿವೆಯಲ್ಲಿ ಸೆಶ್ಶೋಸೆಕಿ (ಕೊಲ್ಲುವ ಕಲ್ಲು) ಇದೆ. ಭಾರತ, ಚೀನಾ ಮತ್ತು ಜಪಾನಿನಲ್ಲಿ ಸುಂದರಿಯ ರೂಪದಿಂದ ಅರಸರನ್ನು ಮರುಳುಗೊಳಿಸಿದ ಒಂಬತ್ತು ಬಾಲದ ನರಿಯು ಹತವಾಗಿ ಈ ಕಲ್ಲಾಯಿತೆಂಬುದು ಐತಿಹ್ಯ. ಇದನ್ನು ಆಧರಿಸಿದ ನೋ ನಾಟಕವೂ ಇದೆ. ಇಲ್ಲಿ ಪ್ರಾಣಿಗಳು ಸಾಯಲು ನಿಜವಾದ ಕಾರಣ ನೆಲದಿಂದ ಹೊರಬರುವ ಹೈಡ್ರೋಜನ್ ಸಲ್ಫೈಡ್ ಮೊದಲಾದ ವಿಷಾನಿಲಗಳು. 1689ರಲ್ಲಿ ಬಂದ ಕವಿ ಬಾಶೋ ಕಲ್ಲಿನ ಸುತ್ತ ಸತ್ತುಬಿದ್ದ ಜೇನುನೊಣ, ಚಿಟ್ಟೆಗಳನ್ನು ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ. ರೋಗ ಕಳೆಯುವ ಗಂಧಕದ ನೀರಿಗೂ ಜೀವ ತೆಗೆಯುವ ಅನಿಲಕ್ಕೂ ಮೂಲ ಒಂದೇ ಜ್ವಾಲಾಮುಖಿ. 2022ರ ಮಾರ್ಚ್‌ನಲ್ಲಿ ಈ ಕಲ್ಲು ಎರಡು ಹೋಳಾಗಿರುವುದು ಕಂಡುಬಂದಿತು. ಅದರಲ್ಲಿ ಕೆಲವು ವರ್ಷಗಳ ಹಿಂದೆಯೇ ಬಿರುಕುಗಳು ಮೂಡಿದ್ದವು.