ಸಾಕ್ಷ್ಯಚಿತ್ರ: ಯಾರ ಕಡೆಯ ಸಾಕ್ಷ್ಯ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಟಾಕೀಸುಗಳಲ್ಲಿ ಗಾಂಧಿ ಕ್ಲಾಸಿನಲ್ಲಿ ಕುಳಿತು ಸಿನಿಮಾ ನೋಡಿದ ಹಿರಿಯರನ್ನು ಕೇಳಿ ನೋಡಿ. ರಾಜ್‌ಕುಮಾರ್ ತೆರೆಯ ಮೇಲೆ ಬರುವುದಕ್ಕೆ ಮುಂಚೆ ಕಪ್ಪು ಬಿಳುಪಿನ ಒಂದು ಸಣ್ಣ ಚಿತ್ರ ಓಡುತ್ತಿತ್ತು. ಮಂತ್ರಿಗಳು ಅಣೆಕಟ್ಟೆ ಉದ್ಘಾಟಿಸುವುದು, ಹೊಸ ಕಾರ್ಖಾನೆಯ ಚಿಮಣಿ, ಪ್ರವಾಹ ಪರಿಹಾರ, ಕೊನೆಗೊಂದಿಷ್ಟು ಕ್ರಿಕೆಟ್. ಬೀಡಿ ಸೇದುವವರಿಗೆ ಅದು ಹೊರಗೆ ಹೋಗಿ ಬರುವ ಹೊತ್ತು.

ಕೇಂದ್ರ ಸರ್ಕಾರ 1948ರಲ್ಲಿ ಆರಂಭಿಸಿದ ಫಿಲ್ಮ್ಸ್ ಡಿವಿಷನ್ ತಯಾರಿಸುತ್ತಿದ್ದ ವಾರ್ತಾಚಿತ್ರಗಳು, ಸಾಕ್ಷ್ಯಚಿತ್ರಗಳು ಅವು. ಪ್ರತಿ ಆಟದಲ್ಲೂ ಸರ್ಕಾರ ಒಪ್ಪಿದ ಕಿರುಚಿತ್ರವೊಂದನ್ನು ತೋರಿಸಲೇಬೇಕೆಂಬುದು ಟಾಕೀಸಿನ ಲೈಸೆನ್ಸಿನ ಷರತ್ತಾಗಿತ್ತು. ಅದರ ಬಾಡಿಗೆಯನ್ನೂ ಮಾಲೀಕರೇ ತೆರಬೇಕಿತ್ತು.

ಡಾಕ್ಯುಮೆಂಟರಿಗೆ ಕನ್ನಡದಲ್ಲಿ ‘ಸಾಕ್ಷ್ಯಚಿತ್ರ’ ಎಂಬ ಹೆಸರು ನಿಂತಿದೆ. ಸಾಕ್ಷ್ಯವೆಂದ ಮೇಲೆ ವಾದಿ, ಪ್ರತಿವಾದಿ ಇಬ್ಬರೂ ಇರಬೇಕಷ್ಟೆ. ಆದರೆ ನಮ್ಮ ಟಾಕೀಸುಗಳಲ್ಲಿ ದಶಕಗಳ ಕಾಲ ಸಾಕ್ಷ್ಯ ನುಡಿದದ್ದು ಸರ್ಕಾರದ ಕಡೆಯವರು ಮಾತ್ರ. ಅಣೆಕಟ್ಟೆಯಲ್ಲಿ ಊರು ಮುಳುಗಿದವರಿಗೆ, ಚಿಮಣಿಯ ಹೊಗೆ ಕುಡಿದವರಿಗೆ ಪರದೆ ಸಿಗಲು ಬಹಳ ಕಾಲ ಹಿಡಿಯಿತು. ಅದಕ್ಕಾಗಿ ಕೋರ್ಟಿನ ಮೆಟ್ಟಿಲನ್ನೂ ಹತ್ತಬೇಕಾಯಿತು.

ಮೊದಲು ಹತ್ತಿದವರಲ್ಲಿ ಪ್ರಮುಖರು ಲೇಖಕ, ನಿರ್ದೇಶಕ ಕೆ.ಎ. ಅಬ್ಬಾಸ್. ಕಲ್ಕತ್ತಾ, ಮುಂಬಯಿ, ಮದ್ರಾಸ್, ದೆಹಲಿಗಳ ಸಿರಿತನವನ್ನೂ ಬಡತನವನ್ನೂ ಎದುರುಬದುರು ಇಟ್ಟ ‘ನಾಲ್ಕು ನಗರಗಳ ಕಥೆ’ಗೆ ಸೆನ್ಸಾರ್ ಮಂಡಳಿ ಕತ್ತರಿ ಹಾಕಲು ಹೊರಟಿತು. 1970ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ವಿಚಾರಣೆ ನಡೆಯುತ್ತಿರುವಾಗಲೇ ಸರ್ಕಾರ ಹಿಂದೆ ಸರಿದು ಕಡಿತವಿಲ್ಲದೆ ಪ್ರಮಾಣಪತ್ರ ಕೊಡಲು ಒಪ್ಪಿತಾದರೂ, ಪ್ರದರ್ಶನಕ್ಕೆ ಮುಂಚಿನ ಸೆನ್ಸಾರ್ ಪದ್ಧತಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಅಬ್ಬಾಸರ ಚಿತ್ರ ಪಾರಾಯಿತು, ಕತ್ತರಿ ಉಳಿಯಿತು.

ಇನ್ನು ಹಳ್ಳಿಯ ಗೋಡೆಗಳ ಮೇಲಿನ ಕೆಂಪು ತ್ರಿಕೋನವನ್ನು ನೆನೆಯಬೇಕು. ಪ್ರಚಾರ ಇಲಾಖೆಯ ವ್ಯಾನು ಊರಿಗೆ ಬಂದು ಬಯಲಲ್ಲಿ ಬಿಳಿ ಬಟ್ಟೆ ಕಟ್ಟಿ, ಚಿಕ್ಕ ಸಂಸಾರದ ಸುಖವನ್ನು ತೋರಿಸಿ ಹೋಗುತ್ತಿತ್ತು. ಬೆಂಗಳೂರಿನ ನಿರ್ದೇಶಕಿ ದೀಪಾ ಧನರಾಜ್ 1991ರಲ್ಲಿ ‘ಸಂಥಿಂಗ್ ಲೈಕ್ ಎ ವಾರ್’ ಚಿತ್ರದಲ್ಲಿ ಅದೇ ಕುಟುಂಬ ಯೋಜನೆಯನ್ನು ಹೆಂಗಸರ ಕಡೆಯಿಂದ ನೋಡಿದರು. ಗುರಿ ಮುಟ್ಟಿಸುವ ಆತುರ, ಶಿಬಿರದಲ್ಲಿ ಒಬ್ಬರ ಹಿಂದೊಬ್ಬರಿಗೆ ನಡೆಯುವ ಶಸ್ತ್ರಚಿಕಿತ್ಸೆ ಅದರಲ್ಲಿವೆ. ವ್ಯಾನಿನವರ ಚಿತ್ರದಲ್ಲಿ ಹೆಂಗಸರು ನಗುತ್ತಿದ್ದರು. ಇಲ್ಲಿ ಅವರೇ ಮಾತಾಡುತ್ತಾರೆ. ಸಂತಾನಶಕ್ತಿಹರಣಕ್ಕೆ ಗುರಿ ನಿಗದಿ ಮಾಡುವ ಪದ್ಧತಿಯನ್ನು ಸರ್ಕಾರ ಕೈಬಿಟ್ಟದ್ದು 1996ರಲ್ಲಿ.

ಕಂಪನಿಯೊಂದರ ವಿರುದ್ಧ ದೇಶದಲ್ಲಿ ಹೆಚ್ಚು ಚರ್ಚೆಗೆ ಬಂದದ್ದು ಭೋಪಾಲದ ಚಿತ್ರ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿತು. ತಪನ್ ಬೋಸ್, ಸುಹಾಸಿನಿ ಮುಳೆ, ಸಲೀಂ ಶೇಖ್ ಸೇರಿ ತೆಗೆದ ‘ಬಿಯಾಂಡ್ ಜಿನೊಸೈಡ್’ಗೆ ಸ್ವರ್ಣಕಮಲವೂ ಬಂತು. ಪ್ರಶಸ್ತಿ ಕೊಟ್ಟದ್ದೂ ಸರ್ಕಾರ, ಪ್ರಸಾರ ಮಾಡುವುದಿಲ್ಲವೆಂದದ್ದೂ ಅದೇ ಸರ್ಕಾರದ ದೂರದರ್ಶನ. ಚಿತ್ರ ಹಳೆಯದಾಯಿತು, ಸಂಯಮವಿಲ್ಲ, ಪರಿಹಾರದ ದಾವೆ ಕೋರ್ಟಿನಲ್ಲಿದೆ ಎಂದು ಕಾರಣಗಳ ಪಟ್ಟಿ ಕೊಟ್ಟಿತು. ಈ ನಿರಾಕರಣೆ ಸಮರ್ಥನೀಯವಲ್ಲವೆಂದು ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿತು. ಸರ್ಕಾರವನ್ನು ಟೀಕಿಸಿದೆ ಎಂಬ ಒಂದೇ ಕಾರಣಕ್ಕೆ ಚಿತ್ರವನ್ನು ತಡೆಯುವಂತಿಲ್ಲ ಎಂಬ ಮಾತು ಅಂದಿನಿಂದ ಕಾನೂನಿನ ಪುಸ್ತಕದಲ್ಲಿದೆ.

ನಮ್ಮ ಸುತ್ತಮುತ್ತ ಸರ್ಕಾರವೂ ಕಂಪನಿಯೂ ಒಂದೇ ಕಾಗದಕ್ಕೆ ರುಜು ಹಾಕಿದ ಪ್ರಸಂಗ ಇಲ್ಲದಿಲ್ಲ. 1984ರಲ್ಲಿ ರಾಜ್ಯ ಸರ್ಕಾರ ಹರಿಹರ ಪಾಲಿಫೈಬರ್ಸ್ ಜತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿ, ನಾಲ್ಕು ಜಿಲ್ಲೆಗಳ ಸುಮಾರು 75,000 ಎಕರೆ ಗೋಮಾಳ, ಕಾಡುಭೂಮಿಯನ್ನು ನೀಲಗಿರಿಯಂಥ ಮರಗಳಿಗೆ ಬಿಡಲು ಮುಂದಾಯಿತು. ಆಗ ಹೊನ್ನಾಳಿ, ಚನ್ನಗಿರಿಗಳನ್ನು ಒಳಗೊಂಡಿದ್ದ ಶಿವಮೊಗ್ಗ ಆ ನಾಲ್ಕರಲ್ಲಿ ಒಂದು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಕೋರ್ಟಿಗೆ ಹೋಯಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಸಿ, ರೈತರು ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚುವ ತೀರ್ಮಾನಕ್ಕೆ ಬಂತು.

ಇದೇ ಸಮುದಾಯ 2009ರಲ್ಲಿ ಬಳ್ಳಾರಿ ಗಣಿಗಳ ವಿಷಯ ಹಿಡಿದು ಮತ್ತೆ ಸುಪ್ರೀಂ ಕೋರ್ಟಿಗೆ ಹೋಯಿತು. ಜಗಳೂರಿನ ಗಡಿ ದಾಟಿದರೆ ಕೂಡ್ಲಿಗಿ, ಅದರಾಚೆ ಸಂಡೂರಿನ ಗುಡ್ಡ. ಚೀನಾ ದೇಶ ಅದಿರಿಗೆ ಬಾಯಿಬಿಟ್ಟ ಆ ವರ್ಷಗಳಲ್ಲಿ ಟನ್ನಿಗೆ ಸಾವಿರಾರು ರೂಪಾಯಿ ಬೆಲೆ ಬಂದರೂ, 2009ರವರೆಗೆ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ 30 ರೂಪಾಯಿ ದಾಟುತ್ತಿರಲಿಲ್ಲ. ಪತ್ರಕರ್ತ ಪರಂಜಯ್ ಗುಹಾ ಠಾಕುರ್ತಾ ‘ಬ್ಲಡ್ ಅಂಡ್ ಐರನ್’ ಸಾಕ್ಷ್ಯಚಿತ್ರ ಮಾಡಿದ್ದು ಈ ಅದಿರು, ದುಡ್ಡು, ರಾಜಕೀಯಗಳ ನಂಟನ್ನು ಕುರಿತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು. ಖಜಾನೆಗಾದ ನಷ್ಟ 16,085 ಕೋಟಿ ರೂ. ಎಂದು ಅದರ ಲೆಕ್ಕ. ಎರಡು ದಿನದಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅಷ್ಟು ಸೊನ್ನೆಗಳ ಅಂಕಿಯನ್ನು ಓದಿ ಅರ್ಥಮಾಡಿಕೊಳ್ಳುವುದು ನಮ್ಮಂಥ ವರದಿಗಾರರಿಗೂ ಕಷ್ಟ. ಅಗೆದು ತೆರೆದ ಗುಡ್ಡವನ್ನು ಕಣ್ಣಾರೆ ನೋಡಿದರೆ ಯಾರಿಗೂ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ರಾಜ್ಯದ ಗಡಿಯಾಚೆ ಕನ್ನಡಿಗರು ಬಾಳುವ ಕಾಸರಗೋಡಿನಲ್ಲಿ ಸಾಕ್ಷ್ಯದ ಪ್ರಶ್ನೆ ಇನ್ನೂ ಜಟಿಲ. ಕೇರಳ ಸರ್ಕಾರದ ತೋಟಗಾರಿಕಾ ನಿಗಮ ತನ್ನ ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿತ್ತು. ತೋಟ ಗುಡ್ಡದ ಮೇಲೆ. ಮನೆ, ಬಾವಿ, ತೋಡು ಕೆಳಗೆ. ಎಣ್ಮಕಜೆಯ ಪಡ್ರೆ ಗ್ರಾಮದ ಪತ್ರಕರ್ತ ಶ್ರೀಪಡ್ರೆಯವರು ಅಂಗವಿಕಲವಾಗಿ ಹುಟ್ಟುವ ಕರುಗಳ ಬಗ್ಗೆ 1979ರಲ್ಲೇ ಬರೆದಿದ್ದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ವಿಚಿತ್ರ ಕಾಯಿಲೆಗಳನ್ನು ಗಮನಿಸಿ ಎಚ್ಚರಿಸಿದರು. ಸಮಿತಿಗಳೂ ಬಂದವು. ಒಂದು ಸಂಬಂಧ ಇದೆಯೆಂದರೆ ಮತ್ತೊಂದು ಇಲ್ಲವೆಂದಿತು. ಇದೇ ಕೀಟನಾಶಕವನ್ನು ಕೇಂದ್ರ ಸರ್ಕಾರದ ಕಂಪನಿಯೊಂದು ತಯಾರಿಸುತ್ತಿತ್ತೆಂಬುದನ್ನೂ ಇಲ್ಲಿ ನೆನಪಿಡಬೇಕು.

ವರದಿಗಳು ಹೀಗೆ ಒಂದನ್ನೊಂದು ಹೊಡೆದುಹಾಕುತ್ತಿರುವಾಗ ಕೆ.ಆರ್. ಮನೋಜ್ 2010ರಲ್ಲಿ ‘ಎ ಪೆಸ್ಟರಿಂಗ್ ಜರ್ನಿ’ ತೆಗೆದರು. ಪಂಜಾಬಿನ ಹತ್ತಿ ಹೊಲಗಳ ಕಡೆಯಿಂದ ಬಿಕಾನೇರ್ ಆಸ್ಪತ್ರೆಗೆ ರೋಗಿಗಳನ್ನು ಒಯ್ಯುವ ‘ಕ್ಯಾನ್ಸರ್ ರೈಲು’, ಕಾಸರಗೋಡಿನ ಗೇರುಗುಡ್ಡ ಎರಡನ್ನೂ ಒಂದೇ ಪ್ರಯಾಣದಲ್ಲಿ ಜೋಡಿಸಿದ ಚಿತ್ರವದು. ತನಿಖಾ ಚಿತ್ರದ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಸಂದಿತು. ನಿಷೇಧ ಬಂದದ್ದು ಈ ಚಿತ್ರದಿಂದಲೇ ಎನ್ನಲಾಗದು. ಅದರ ಹಿಂದೆ ಊರವರ ದಶಕಗಳ ಹೋರಾಟವಿದೆ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು.

ತಾನು ಒಪ್ಪಿದ ಚಿತ್ರವನ್ನು ಊರೂರಿನ ಟಾಕೀಸಿಗೂ ಮುಟ್ಟಿಸುತ್ತಿದ್ದ ವ್ಯವಸ್ಥೆ ಇಂಥ ಚಿತ್ರಗಳಿಗೆ ಎಂದೂ ಒದಗಲಿಲ್ಲ. ಅವು ಹರಿದಾಡಿದ್ದು ಕಾಲೇಜು ಸಭಾಂಗಣಗಳಲ್ಲಿ, ಸಂಘಟನೆಗಳ ಸಭೆಗಳಲ್ಲಿ, ಕೈಯಿಂದ ಕೈಗೆ ದಾಟಿದ ಸಿ.ಡಿ.ಗಳಲ್ಲಿ. 2004ರ ಮುಂಬಯಿ ಚಿತ್ರೋತ್ಸವದಲ್ಲಿ ಭಾರತೀಯ ಚಿತ್ರಗಳಿಗೆ ಮಾತ್ರ ಸೆನ್ಸಾರ್ ಪತ್ರ ಬೇಕೆಂದಾಗ ನಿರ್ದೇಶಕರು ‘ವಿಕಲ್ಪ’ ಎಂಬ ಪ್ರತ್ಯೇಕ ಉತ್ಸವವನ್ನೇ ನಡೆಸಿದರು. ಫಿಲ್ಮ್ಸ್ ಡಿವಿಷನ್ ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನವಾಗಿದೆ.

ಕಾಸರಗೋಡಿನ ಸಂತ್ರಸ್ತರಿಗೆ ತಲಾ 5 ಲಕ್ಷ ರೂ.ಗಳನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಕೇರಳ ಸರ್ಕಾರಕ್ಕೆ ಹೇಳಿದ್ದು 2017ರ ಜನವರಿಯಲ್ಲಿ. ಐದು ವರ್ಷ ಕಳೆದು, 2022ರ ಮೇ ತಿಂಗಳಲ್ಲಿ ವಿಷಯ ಮತ್ತೆ ಅದೇ ನ್ಯಾಯಾಲಯದ ಮುಂದೆ ಬಂದಾಗ 3,704 ಮಂದಿಯಲ್ಲಿ ಹಣ ಪಡೆದಿದ್ದವರು 8 ಮಂದಿ.